ಎರಡು ಬಾಣಂತನ

ನೆರೂಲಿನಿಂದ ಡೊಂಬಿವಲಿಯವರೆಗೆ, ಊರ ಕಡೆಯವರ ಯಾರ ಮನೆಯಲ್ಲಿ ಮದುವೆಯಾದರೂ ಉಗ್ರಾಣದ ಬೀಗದ ಕೈ ಬಂದು ಸೇರುತ್ತಿದ್ದುದು ದಮಯಂತಿಯ ಸೊಂಟಕ್ಕೆ. ಎಷ್ಟು ಅಕ್ಕಿ, ಎಷ್ಟು ತೆಂಗಿನಕಾಯಿ, ಯಾವ ಹೊತ್ತಿಗೆ ಯಾವ ಪಾತ್ರೆ ಹೊರಗೆ ಬರಬೇಕು ಎಂಬುದನ್ನೆಲ್ಲ ಅವಳು ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಆದರೂ ಒಂದು ಸೌಟು ಕಾಣೆಯಾಯಿತು ಎಂಬ ಮಾತು ಅವಳಿದ್ದಲ್ಲಿ ಯಾರೂ ಕೇಳಿದ್ದಿಲ್ಲ. ಹಾಗಾಗಿ ಮಗಳೂ ಸೊಸೆಯೂ ಒಟ್ಟಿಗೇ ಬಸುರಾಗಿ, ಇಬ್ಬರ ಹೆರಿಗೆಯೂ ಜುಲೈ ತಿಂಗಳಲ್ಲಿ ಎರಡು ವಾರದ ಅಂತರದಲ್ಲಿ ಬೀಳುತ್ತದೆ ಎಂದು ತಿಳಿದಾಗ, ಗಂಡ ಲೀಲಾಧರ ತಲೆಯ ಮೇಲೆ ಕೈ ಹೊತ್ತು ಕೂತನೇ ಹೊರತು ಅವಳು ಕೂರಲಿಲ್ಲ.

"ಎರಡೂ ಇಲ್ಲೇ ಆಗ್ಲಿ. ಒಂದು ಬಾಣಂತನಕ್ಕೆ ಮಾಡುವ ಮದ್ದನ್ನೇ ಇಮ್ಮಡಿ ಮಾಡುದು. ಅದ್ರಲ್ಲಿ ಎಂತ ಉಂಟು?" ಎಂದಳು.

ಮಗಳು ರಮಿತಾ ತವರಿಗೆ ಬರಲೇಬೇಕಾದವಳು. ಡೊಂಬಿವಲಿಗೆ ಮದುವೆಯಾಗಿ ಹೋಗಿ ಏಳು ವರ್ಷ ಕಳೆದಿತ್ತು. ಎಷ್ಟೋ ಇಂಜೆಕ್ಷನ್ನು, ಎಷ್ಟೋ ಹರಕೆ, ಎರಡು ಸಲ ಮೂರನೆಯ ತಿಂಗಳಿಗೇ ಕೈಜಾರಿದ ಆಸೆ, ಇಷ್ಟೆಲ್ಲ ದಾಟಿದ ಮೇಲೆ ಈ ಸಲ ನಿಂತಿತ್ತು. ಸೊಸೆ ಮಾನಸಿಗೆ ಹೋಗುವುದಕ್ಕೆ ತವರೆಂಬುದೇ ಇರಲಿಲ್ಲ. ಠಾಣೆಯಲ್ಲಿ ಬೆಳೆದ ಹುಡುಗಿ. ಹತ್ತನೆಯ ತರಗತಿಯಲ್ಲಿದ್ದಾಗ ತಾಯಿ ತೀರಿಕೊಂಡಿದ್ದಳು. ಮಗಳ ಮದುವೆ ಮುಗಿಸಿದ ಮೇಲೆ ತಂದೆ ಕ್ಯಾಂಟೀನಿನ ಕೆಲಸ ಬಿಟ್ಟು ತಮ್ಮನ ಜೊತೆ ಸೂರತ್ತಿಗೆ ಹೋಗಿದ್ದ. ಅವಳಿಗೆ ಕನ್ನಡವೂ ತುಳುವೂ ಅರ್ಥವಾಗುತ್ತಿತ್ತು, ಬಾಯಲ್ಲಿ ಬರುತ್ತಿದ್ದುದು ಮಾತ್ರ ಹೆಚ್ಚಾಗಿ ಹಿಂದಿ. ವಿಶಾಲ್ ಅವಳನ್ನು ಮೆಚ್ಚಿ ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ.

ಕೋಪರಖೈರಣೆಯ ಆ ಮನೆ ದೊಡ್ಡದೇನಲ್ಲ. ಕೆಳಗೆ ಹಾಲ್, ಅಡುಗೆಮನೆ, ಬಚ್ಚಲು. ಕಡಿದಾದ ಮೆಟ್ಟಿಲು ಹತ್ತಿದರೆ ಮೇಲೆ ಎರಡು ಕೋಣೆ, ನಡುವೆ ಪ್ಲೈವುಡ್ಡಿನ ಗೋಡೆ. ಬೆಳಗ್ಗೆ ಐದೂವರೆಗೆ ಆ ಮನೆಯಲ್ಲಿ ಕುಕ್ಕರು ಕೂಗಲು ತೊಡಗಿದರೆ ಒಂಬತ್ತರವರೆಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ವಾಶಿಯ ಮಾರ್ಕೆಟ್ಟಿನಲ್ಲಿ ಕೆಲಸಕ್ಕಿದ್ದ ಎಂಟು ಮಂದಿಗೆ ದಮಯಂತಿ ಊಟದ ಡಬ್ಬ ಕಟ್ಟುತ್ತಿದ್ದಳು. ಲೀಲಾಧರ ವಾಶಿಯ ಹೋಟೆಲಿನ ಗಲ್ಲಾದಲ್ಲಿ ಕೂರಲು ಏಳಕ್ಕೇ ಹೊರಡಬೇಕು. ವಿಶಾಲ್ ಎಂಟರ ಲೋಕಲ್ ಹಿಡಿದು ಠಾಣೆಗೆ, ಅಲ್ಲಿಂದ ವಾಗ್ಳೆ ಎಸ್ಟೇಟಿನ ಪ್ಯಾಕಿಂಗ್ ಕಂಪನಿಗೆ.

ಮೇ ತಿಂಗಳಿಡೀ ದಮಯಂತಿ ಮನೆಯನ್ನು ಅಡಿಮೇಲು ಮಾಡಿದಳು. ಡಬ್ಬದ ಗಿರಾಕಿಗಳಿಗೆ ಸೆಪ್ಟೆಂಬರಿನವರೆಗೆ ಬೇರೆ ಕಡೆ ನೋಡಿಕೊಳ್ಳಿ ಎಂದಳು. ಮೇಲಿನ ಕೋಣೆಗಳಲ್ಲಿ ಬಚ್ಚಲು ಕೂಡಿದ, ಕಿಟಕಿ ದೊಡ್ಡದಿದ್ದ ಕೋಣೆ ವಿಶಾಲ್ ಮತ್ತು ಮಾನಸಿಯದು. ಅದನ್ನು ರಮಿತಾಳಿಗೆ ಬಿಡಿಸಿದಳು. ಹಳೆಯ ಸಾಮಾನು ತುಂಬಿಟ್ಟಿದ್ದ ಪಕ್ಕದ ಸಣ್ಣ ಕೋಣೆಯನ್ನು ತೊಳೆದು, ಸುಣ್ಣ ಹೊಡೆಸಿ, ಮಗ ಸೊಸೆಯನ್ನು ಅಲ್ಲಿಗೆ ದಾಟಿಸಿದಳು.

"ಅವಳದ್ದು ಏಳು ವರ್ಷದ ಮೇಲೆ ಆದದ್ದಲ್ವಾ ಮಾನಸಿ? ಡಾಕ್ಟರು ಮೆಟ್ಟಿಲು ಹತ್ತಿ ಇಳಿಯುದು ಬೇಡ ಅಂದಿದ್ದಾರೆ. ಬಚ್ಚಲು ಹತ್ತಿರ ಬೇಕು. ನಿನ್ಗೇನೂ ಬೇಜಾರಿಲ್ಲ ಅಲ್ವಾ?"

"ಚಲೇಗಾ ಅತ್ತೆ," ಎಂದು ಮಾನಸಿ ತನ್ನ ಬಟ್ಟೆಗಳನ್ನು ತಾನೇ ಹೊತ್ತು ಆಚೆ ಕೋಣೆಗೆ ಒಯ್ದಿದ್ದಳು.

ಹಳೆಯ ಕಾಟನ್ ಸೀರೆಗಳನ್ನು ಹರಿದು, ಬಿಸಿನೀರಲ್ಲಿ ಕುದಿಸಿ, ಮಡಿಸಿ ಎರಡು ಗಂಟು ಕಟ್ಟಿದ್ದಾಯಿತು. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲವೆಂದು ಹಾಲ್‌ನ ಮಾಡಿನ ಕೆಳಗೆ ಉದ್ದಕ್ಕೂ ಹಗ್ಗ ಎಳೆಸಿದಳು. ಓಮ, ಜೀರಿಗೆ, ಕರಿಮೆಣಸು ಹುರಿದು ಪುಡಿ ಮಾಡಿ ಎರಡೆರಡು ಡಬ್ಬಿಗೆ ತುಂಬಿಸಿದಳು. ಬಾಣಂತಿಯರಿಗೂ ಮಕ್ಕಳಿಗೂ ಎಣ್ಣೆ ತಿಕ್ಕಿ ನೀರು ಹಾಕುವುದಕ್ಕೆ ಗುರಮ್ಮನನ್ನು ಮೊದಲೇ ಗೊತ್ತು ಮಾಡಿಟ್ಟಳು. ವಿಜಾಪುರದ ಕಡೆಯವಳು, ಹಿಂದೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವಳು, ಈಗ ಹತ್ತು ವರ್ಷದಿಂದ ಸೆಕ್ಟರಿನ ಕೂಸುಗಳಿಗೆಲ್ಲ ಅವಳದೇ ಕೈ. "ಎರಡ ಬಾಣಂತೇರು, ಎರಡ ಕೂಸು. ನಿಮ್ಮನ್ಯಾಗ ನಾ ಒಂದು ಕೌದಿ ಹಾಸ್ಕೊಂಡ ಬಿಡ್ಬೇಕ್ರೀ ಅಕ್ಕಾರ," ಎಂದು ನಕ್ಕಿದ್ದಳು.

ಇನ್ನುಳಿದದ್ದು ಅಟ್ಟದ ಮೇಲಿನ ತಾಮ್ರದ ಹಂಡೆ. ಗೀಸರಿನ ನೀರು ಬಾಣಂತಿಗೆ ಆಗುವುದಿಲ್ಲ ಎಂಬುದು ದಮಯಂತಿಯ ನಂಬಿಕೆ. ಅದನ್ನು ಇಳಿಸಿಕೊಡು ಎಂದು ವಿಶಾಲನಿಗೆ ಮೂರು ಭಾನುವಾರ ಹೇಳಿದಳು. ಮೂರೂ ಭಾನುವಾರ ಅವನು "ಆಯ್ತಮ್ಮ" ಎಂದು ಮೊಬೈಲು ನೋಡಿಕೊಂಡು ಕೂತ.

ಜೂನ್ ನಡುವಿನ ಒಂದು ಶುಕ್ರವಾರ ಮಧ್ಯಾಹ್ನ ದಮಯಂತಿ ಒಲೆಯ ಮುಂದೆ ಲೇಹ್ಯ ಮಗುಚುತ್ತಿದ್ದಳು. ಕೈ ಬಿಟ್ಟರೆ ತಳ ಹಿಡಿಯುವ ಹೊತ್ತು. ಹಿಂದೆ ಏನೋ ಸದ್ದಾಯಿತೆಂದು ತಿರುಗಿದರೆ, ಮಾನಸಿ ಸ್ಟೂಲಿನ ಮೇಲೆ ನಿಂತು ಎರಡೂ ಕೈ ಮೇಲೆತ್ತಿ ಅಟ್ಟದಿಂದ ಸಾಮಾನು ಎಳೆಯುತ್ತಿದ್ದಳು. ಎಂಟು ತುಂಬುತ್ತಿದ್ದ ಹೊಟ್ಟೆ ಗೋಡೆಗೆ ತಾಗುತ್ತಿತ್ತು. ಮೊದಲು ಮರದ ಮಣೆ ಬಂತು, ಆಮೇಲೆ ಚೀಲವೊಂದು, ಆಮೇಲೆ ಹಂಡೆಯ ಕಂಠ. ಬಸುರಿಯರು ಕೈ ಮೇಲೆತ್ತಿ ಏನನ್ನೂ ತೆಗೆಯಬಾರದು, ಹೊಕ್ಕುಳಬಳ್ಳಿ ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ ಎಂದು ದಮಯಂತಿಯ ತಾಯಿ ಹೇಳುತ್ತಿದ್ದಳು. ರಮಿತಾ ಬಂದಂದಿನಿಂದ ಅವಳಿಗೆ ಒಣಗಿದ ಬಟ್ಟೆ ಹಗ್ಗದಿಂದ ತೆಗೆಯಲೂ ದಮಯಂತಿ ಬಿಟ್ಟಿರಲಿಲ್ಲ. ಈಗ "ಇಳಿ ಮಾರಾಯ್ತಿ" ಎಂಬ ಮಾತು ಬಾಯಿಯವರೆಗೆ ಬಂತು. ಆದರೆ ಮೇಲೆ ರಮಿತಾ ಕಾಲು ಬಾತು ಮಲಗಿದ್ದಳು, ವಿಶಾಲ ಮೂರು ವಾರದಿಂದ ಮುಟ್ಟಿಲ್ಲ, ಲೇಹ್ಯ ಅರ್ಧ ಪಾಕದಲ್ಲಿತ್ತು. ಒಬ್ಬಳಾದರೂ ಕೈಗೆ ಬರುತ್ತಾಳಲ್ಲ ಎಂದುಕೊಂಡು ಅವಳು ಬಾಣಲೆಯ ಕಡೆಗೆ ತಿರುಗಿದಳು.

ಸ್ಟೂಲು ಜಾರಲಿಲ್ಲ. ಮಾನಸಿ ಬೀಳಲಿಲ್ಲ. ಹಂಡೆ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಬಚ್ಚಲಿನಲ್ಲಿಟ್ಟು, ಕೈ ಒರೆಸಿಕೊಂಡು ಬಂದು ಲೇಹ್ಯದ ರುಚಿ ಕೇಳಿದಳು. ದಮಯಂತಿ ಒಂದು ಉಂಡೆ ಮಾಡಿ ಅವಳ ಅಂಗೈಗೆ ಹಾಕಿದಳು.

ಮರುದಿನ ಸಂಜೆ ಮಾನಸಿ ಮೆಟ್ಟಿಲ ಮೇಲೆ ಕೂತು, "ಅತ್ತೆ, ಸುಬಹ್ ಸೇ ಹಿಲಾ ನಹೀ. ಬೆಳಗ್ಗಿನಿಂದ ಮಗು ಅಲುಗಾಡ್ಲಿಲ್ಲ," ಎಂದಳು.

ಸೀವುಡ್ಸ್‌ನ ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನಿಂಗಿನ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು. ಎದೆಬಡಿತ ಇರಲಿಲ್ಲ. ಬಳ್ಳಿ ಕುತ್ತಿಗೆಗೆ ಎರಡು ಸುತ್ತು ಬಿಗಿದಿತ್ತು. "ಇದು ಯಾರ ಕೈಯಲ್ಲೂ ಇಲ್ಲ. ಏನೋ ಮಾಡಿದ್ದರಿಂದ ಆಗುವಂಥದ್ದಲ್ಲ," ಎಂದು ಅವರು ಹಿಂದಿಯಲ್ಲಿ ವಿಶಾಲನಿಗೆ ಹೇಳುತ್ತಿದ್ದರು. ಗೋಡೆಗೊರಗಿ ನಿಂತಿದ್ದ ದಮಯಂತಿ ಆ ಮಾತನ್ನು ಕೇಳಿದಳು. ಕೇಳಿದಳು ಅಷ್ಟೇ, ಅದು ಅವಳ ಒಳಗೆ ಇಳಿಯಲಿಲ್ಲ.

ಹೆರಿಗೆಯಾಗುವವರೆಗೆ ಒಂದು ದಿನ ಪೂರ್ತಿ ನೋವು ತಿಂದಳು ಮಾನಸಿ. ಕೊನೆಗೆ ಹುಟ್ಟಿದ್ದು ಹೆಣ್ಣು. ತಾಯಿಗೆ ನಿದ್ದೆಯ ಇಂಜೆಕ್ಷನ್ ಕೊಟ್ಟಿದ್ದರು. ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಹೊರಗೆ ತಂದು, ಎಚ್ಚರವಾದ ಮೇಲೆ ತಾಯಿಗೆ ಒಮ್ಮೆ ತೋರಿಸುವುದಾ, ಆಮೇಲೆ ಒಯ್ಯುತ್ತೀರಾ ಎಂದು ಕೇಳಿದಳು. ವಿಶಾಲ್ ಅಮ್ಮನ ಮುಖ ನೋಡಿದ.

"ಬೇಡ. ನೋಡಿದ್ರೆ ಮರೆಯುದು ಕಷ್ಟ," ಎಂದಳು ದಮಯಂತಿ.

ಅವಳೇ ಕೈ ಚಾಚಿ ಮಗುವನ್ನು ಇಸಿದುಕೊಂಡು, ಆಸ್ಪತ್ರೆಯ ಬಾಗಿಲವರೆಗೆ ಎತ್ತಿಕೊಂಡು ಹೋಗಿ ಲೀಲಾಧರನ ಕೈಗೆ ಕೊಟ್ಟಳು. ತಂದೆ ಮಗ ಇಬ್ಬರೂ ರಿಕ್ಷಾ ಹತ್ತಿದರು. ಹಿನ್ನೀರಿನ ಖಾಡಿಯ ಕಡೆಯ ಸ್ಮಶಾನದಲ್ಲಿ ಮಕ್ಕಳನ್ನು ಹೂಳುವುದಕ್ಕೆ ಬೇರೆ ಜಾಗವಿತ್ತು.

ಮಾನಸಿ ಮನೆಗೆ ಬರುವ ಮೊದಲು ದಮಯಂತಿ ಒಂದೇ ಮಧ್ಯಾಹ್ನದಲ್ಲಿ ಆ ಸಣ್ಣ ಕೋಣೆಯನ್ನು ಖಾಲಿ ಮಾಡಿದಳು. ತೊಟ್ಟಿಲು ಬಿಚ್ಚಿ ಮಂಚದ ಕೆಳಗೆ ಸೇರಿಸಿದಳು. ಸೀರೆಯ ಎರಡು ಗಂಟುಗಳನ್ನು ಒಂದು ಮಾಡಿದಳು. ಜೋಡಿ ಡಬ್ಬಿಗಳಲ್ಲಿ ಒಂದೊಂದನ್ನು ಇನ್ನೊಂದಕ್ಕೆ ಸುರಿದು, ಖಾಲಿಯಾದವನ್ನು ತೊಳೆದು ಬೋರಲಿಟ್ಟಳು. ಲೀಲಾಧರ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು, "ಇಷ್ಟು ಬೇಗವಾ?" ಎಂದ.

"ಮತ್ತೆ? ಬಂದು ಇದೆಲ್ಲ ನೋಡ್ಲಿ ಅಂತವಾ ನೀವು ಹೇಳುದು? ಯಾರೂ ಅವಳ ಹತ್ರ ಆ ಮಾತು ಎತ್ತಬಾರ್ದು. ವಿಶಾಲನಿಗೂ ಹೇಳಿ."

ಮೂರನೆಯ ದಿನ ಬಂದ ಮಾನಸಿ ಕೋಣೆಯ ಖಾಲಿ ಮೂಲೆಯನ್ನು ಒಮ್ಮೆ ನೋಡಿದಳು. ಗೋಡೆಗೆ ಮುಖ ಮಾಡಿ ಮಲಗಿದಳು. ವಿಶಾಲ್ ಎರಡು ದಿನ ರಜೆ ಹಾಕಿ ಅವಳ ಪಕ್ಕ ಕೂತಿದ್ದ. ಯಾರೂ ಮಾತು ಎತ್ತಬಾರದು ಎಂದಿದ್ದರಿಂದ ಅವನಿಗೆ ಆಡಲು ಯಾವ ಮಾತೂ ಉಳಿದಿರಲಿಲ್ಲ.

ಇದರ ನಡುವೆ ರಮಿತಾಳ ರಕ್ತದೊತ್ತಡ ಏರಿತು. ಕಾಯುವುದು ಬೇಡವೆಂದು ಡಾಕ್ಟರು ಸಿಸೇರಿಯನ್ ಮಾಡಿದರು. ಗಂಡು ಮಗು, ಎರಡು ಮುಕ್ಕಾಲು ಕಿಲೋ, ಹುಟ್ಟುತ್ತಲೇ ಆಸ್ಪತ್ರೆಯ ಕಾರಿಡಾರಿಗೆಲ್ಲ ಕೇಳುವ ಹಾಗೆ ಅತ್ತಿತು. ದಮಯಂತಿ ಆ ಅಳುವಿಗೆ ಕೈ ಮುಗಿದಳು. ನಾಲ್ಕೈದು ದಿನ ಅವಳು ಮಗಳ ಹಾಸಿಗೆ ಬಿಟ್ಟು ಕದಲಲಿಲ್ಲ. ಮನೆಯಲ್ಲಿ ಗಂಡಸರಿಗೆ ಅನ್ನ ಬೇಯಿಸಿದವರು ಯಾರು, ಪಾತ್ರೆ ತೊಳೆದವರು ಯಾರು ಎಂದು ಅವಳು ಕೇಳಲೂ ಇಲ್ಲ. ಡಬ್ಬದಲ್ಲಿ ಸಾರು ಅನ್ನ ಆಸ್ಪತ್ರೆಗೆ ಹೊತ್ತು ಹೊತ್ತಿಗೆ ಬರುತ್ತಿತ್ತು.

ರಮಿತಾ ಮಗುವನ್ನೆತ್ತಿಕೊಂಡು ಮನೆಗೆ ಬಂದ ದಿನ ಮಾನಸಿಗೆ ಹೆರಿಗೆಯಾಗಿ ಹತ್ತನೆಯ ದಿನ. ಮರುದಿನ ಬೆಳಗ್ಗೆ ಗುರಮ್ಮ ಬಂದಳು. ಸೀರೆ ಎತ್ತಿ ಕಟ್ಟಿ, ಎಣ್ಣೆ ಬಿಸಿಗಿಟ್ಟು, "ಇನ್ನೊಬ್ಬಾಕಿ ಎಲ್ಲ್ಯದಾಳ್ರೀ?" ಎಂದಳು.

ದಮಯಂತಿ ಅವಳನ್ನು ಬಚ್ಚಲ ಕಡೆಗೆ ಎಳೆದು ದನಿ ತಗ್ಗಿಸಿದಳು. "ಅವಳದ್ದು ಹೋಯ್ತು ಗುರಮ್ಮ. ನಿನಗೆ ಹೇಳಿ ಕಳಿಸಿದ್ದೆನಲ್ಲ? ಇನ್ನು ರಮಿತಾಳದ್ದು ಮಾತ್ರ."

"ಹೇಳೀರಿ. ನಾ ಕೂಸಿನ ಮಾತ ಕೇಳ್ಳಿಲ್ರೀ ಅಕ್ಕಾರ. ಆಕಿ ಹಡದಾಳೋ ಇಲ್ಲೋ?"

ದಮಯಂತಿಯ ಕಣ್ಣು ಮೆಟ್ಟಿಲ ಕಡೆಗೆ ಹೋಯಿತು.

"ಹಡದಾಕಿಗೆ ನೀರ ಹಾಕೂದು ಬ್ಯಾಡೇನ್ರಿ? ಕೂಸು ಹೋತಂದ್ರ ನಡಾ ನೋಯೂದಿಲ್ಲ? ಎದಿಗೆ ಹಾಲ ಇಳಿಯೂದಿಲ್ಲ? ಮೈಗೇನ ಗೊತ್ತಾಗ್ತೈತ್ರಿ ಯವ್ವಾ, ಕೂಸು ಐತೋ ಇಲ್ಲೋ ಅನ್ನೂದು?"

ಅದನ್ನು ಹೇಳಿ ಗುರಮ್ಮ ಯಾರ ಅಪ್ಪಣೆಗೂ ಕಾಯದೆ ಮೆಟ್ಟಿಲು ಹತ್ತಿದಳು. ದಮಯಂತಿ ಹಿಂದೆಯೇ ಹೋದಳು. ಮಾನಸಿ ಗೋಡೆಯ ಕಡೆಗೆ ತಿರುಗಿ ಕೂತಿದ್ದಳು, ಮೈಮೇಲೆ ವಿಶಾಲನ ದಪ್ಪ ಶರ್ಟು. ಗುರಮ್ಮ ಹಣೆ ಮುಟ್ಟಿ, ಶರ್ಟಿನ ಗುಂಡಿ ತೆಗೆದಳು. ಎದೆ ಕಲ್ಲಾಗಿ ಕೆಂಪೇರಿತ್ತು. ಒಳಗೆ ಮಡಿಸಿಟ್ಟುಕೊಂಡಿದ್ದ ಟವೆಲು ತೊಯ್ದು ಹುಳಿ ವಾಸನೆ ಬರುತ್ತಿತ್ತು. ಪಕ್ಕದ ಕೋಣೆಯಲ್ಲಿ ಮಗು ಅಳಲು ತೊಡಗಿತು, ಮಾನಸಿ ಎರಡೂ ಕೈಗಳಿಂದ ಎದೆಯನ್ನು ಒತ್ತಿ ಹಿಡಿದುಕೊಂಡಳು.

"ಎಷ್ಟು ದಿನದಿಂದ ಜ್ವರ?" ಎಂದು ಕೇಳಿದಳು ದಮಯಂತಿ.

"ಪಾಂಚ್ ಛೇ ದಿನ್. ನೀವು ಆಸ್ಪತ್ರೆಯಲ್ಲಿದ್ರಲ್ಲ."

ಅವತ್ತು ಮಾನಸಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಔಷಧಿ ತಂದದ್ದಾಯಿತು. ಜ್ವರ ಇಳಿದ ಮೇಲೆ, ತಾಮ್ರದ ಹಂಡೆಯಲ್ಲಿ ಬೆಳಗ್ಗೆ ಎರಡು ಸಲ ನೀರು ಕಾಯತೊಡಗಿತು. ಮೊದಲು ಮೇಲೆ ರಮಿತಾಳ ಬಚ್ಚಲಿಗೆ ಬಕೆಟ್ಟಿನಲ್ಲಿ ಒಯ್ಯಬೇಕು, ಆಮೇಲೆ ಕೆಳಗೆ ಮಾನಸಿಗೆ. ಮಗಳಿಗೆ ಗುರಮ್ಮ ನೀರು ಹಾಕಿದರೆ ಸೊಸೆಗೆ ದಮಯಂತಿ ತಾನೇ ಎಣ್ಣೆ ತಿಕ್ಕಿ, ನೀರು ಹುಯ್ದು, ಸೊಂಟಕ್ಕೆ ಸೀರೆ ಬಿಗಿದು ಕಟ್ಟಿದಳು. ಮೆಣಸಿನ ಸಾರು, ಬೆಳ್ಳುಳ್ಳಿ, ಲೇಹ್ಯ ಇಬ್ಬರಿಗೂ ಒಂದೇ. ಸುರಿದು ಒಂದು ಮಾಡಿದ್ದ ಡಬ್ಬಿಗಳನ್ನು ಮತ್ತೆ ಎರಡು ಮಾಡಿದಳು. ಮಾನಸಿ ಮಣೆಯ ಮೇಲೆ ಬೆನ್ನು ಬಾಗಿಸಿ ಕೂತು ನೀರು ಹಾಕಿಸಿಕೊಳ್ಳುತ್ತಿದ್ದಳು, ಹಬೆಯ ನಡುವೆ ಅವಳು ಅಳುತ್ತಾಳೋ ಇಲ್ಲವೋ ಎಂಬುದು ಗೊತ್ತಾಗುತ್ತಿರಲಿಲ್ಲ.

ಹೀಗೆ ಒಂದು ವಾರ ನಡೆಯಿತು. ಒಂದು ಬೆಳಗ್ಗೆ ಗುರಮ್ಮ ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದಾಗ ಮಾನಸಿ ರಮಿತಾಳ ಕೋಣೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ. ಹೊಗೆಯಲ್ಲಿ ಕಾಲು ಝಾಡಿಸುತ್ತಿದ್ದ ಮಗುವನ್ನು ಐದು ನಿಮಿಷ ನೋಡಿ ಹೋದಳು. ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಮಗು ಎರಡು ಸಲ ಹಾಲು ಕಕ್ಕಿತು.

ದಮಯಂತಿ ಊಟದ ತಟ್ಟೆ ತಂದಿಟ್ಟಾಗ ರಮಿತಾ ಅವಳ ಕೈ ಹಿಡಿದಳು.

"ಅಮ್ಮ, ಅವಳು ಬಂದು ಬಾಗಿಲಲ್ಲಿ ನಿಲ್ಲುದು ಬೇಡ."

"ಎಂತಕ್ಕೆ?"

"ನೀನು ತಪ್ಪು ತಿಳ್ಕೊಳ್ಬೇಡ. ಪಾಪ ಅಂತ ನನ್ಗೂ ಉಂಟು. ಆದ್ರೆ ಅವಳು ನೋಡುವಾಗ ನನ್ಗೆ ಹೆದರಿಕೆ ಆಗ್ತದೆ. ಕಳ್ಕೊಂಡವರ ಕಣ್ಣು ಅದು, ಅಮ್ಮ. ಇವನಿಗೆ ತಾಗಿದ್ರೆ? ನನ್ಗೆ ಇನ್ನೊಂದು ಆಗುದಿಲ್ಲ, ನಿನ್ಗೆ ಗೊತ್ತುಂಟಲ್ಲ."

ರಮಿತಾ ಪಿಸುದನಿಯಲ್ಲೇ ಆಡಿದ್ದಳು. ಆದರೆ ಪ್ಲೈವುಡ್ಡಿನ ಆಚೆ ಮಂಚ ಕಿರ್ ಎಂದಿತು, ಯಾರೋ ಎದ್ದು ಕೂತ ಹಾಗೆ. ತಾಯಿ ಮಗಳು ಇಬ್ಬರೂ ಗೋಡೆಯ ಕಡೆಗೆ ನೋಡಿದರು. ರಮಿತಾ ಅಳತೊಡಗಿದಳು.

ಅಂದಿನಿಂದ ಮಾನಸಿ ತನ್ನ ಬಾಗಿಲು ಮುಚ್ಚಿಯೇ ಇಟ್ಟಳು. ಕೆಳಗೆ ಬರಬೇಕಾದರೆ ಮೊದಲು ಬಾಗಿಲು ಸ್ವಲ್ಪವೇ ತೆರೆದು, ಆಚೆ ಕೋಣೆಯ ಬಾಗಿಲು ಮುಚ್ಚಿದೆಯೇ ಎಂದು ನೋಡಿ, ತಲೆ ತಗ್ಗಿಸಿ ಸರಸರ ಮೆಟ್ಟಿಲಿಳಿಯುತ್ತಿದ್ದಳು. ತನ್ನ ಮನೆಯಲ್ಲಿ ಹುಡುಗಿಯೊಬ್ಬಳು ಕಳ್ಳಿಯ ಹಾಗೆ ನಡೆಯುವುದನ್ನು ದಮಯಂತಿ ಮೂರು ದಿನ ನೋಡಿದಳು. ನಾಲ್ಕನೆಯ ದಿನ ಮೇಲೆ ಹೋದರೆ ಮಾನಸಿ ಒಂದು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು.

"ಠಾಣೆಯಲ್ಲಿ ನನ್ನ ಫ್ರೆಂಡ್ ಇದ್ದಾಳೆ ಅತ್ತೆ. ಪೀಜಿ ಮೇ ರಹತೀ ಹೈ. ದೀದಿ ಇರುವ ತನಕ ನಾನು ಅಲ್ಲಿ ಇರ್ತೇನೆ. ವಿಶಾಲ್ ಕೋ ಬತಾಯಾ ಹೈ."

"ಅವನೆಂತ ಹೇಳಿದ?"

"ಕುಛ್ ನಹೀ."

ಹಸಿ ಬಾಣಂತಿ, ಗುರುತಿಲ್ಲದವರ ಕೋಣೆಯಲ್ಲಿ, ಒಂದು ಮಂಚದ ಅರ್ಧದಲ್ಲಿ. ದಮಯಂತಿ ಬ್ಯಾಗನ್ನು ಅವಳ ಕೈಯಿಂದ ತೆಗೆದು ಮಂಚದ ಮೇಲಿಟ್ಟಳು. ಕೆಳಗಿಳಿದು ಬಂದು, ಡೊಂಬಿವಲಿಗೆ ಅಳಿಯ ಕೌಶಲನಿಗೆ ಫೋನು ಮಾಡಿದಳು. ಭಾನುವಾರ ಕಾರು ಮಾಡಿಕೊಂಡು ಬಾ, ರಮಿತಾಳ ಬಾಣಂತನ ನಿಮ್ಮಲ್ಲಿ ಮುಂದುವರಿಯಲಿ, ಬೇಕಾದ್ದೆಲ್ಲ ಕಟ್ಟಿ ಕೊಡುತ್ತೇನೆ ಎಂದಳು.

ಲೀಲಾಧರನಿಗೆ ಇದು ಸರಿಬರಲಿಲ್ಲ. "ತವರಿಗೆ ಬಂದ ಬಾಣಂತಿಯನ್ನು ನಡುವಲ್ಲಿ ಕಳಿಸುದಾ? ಅವಳ ಅತ್ತೆ ರಮಾಮಣಿಯಕ್ಕ ಎಂತ ಹೇಳಿಯಾರು? ನಮ್ಮವರಲ್ಲಿ ಯಾರಾದ್ರೂ ಹಾಗೆ ಮಾಡಿದ್ದುಂಟಾ?"

"ಇಲ್ಲ," ಎಂದಳು ದಮಯಂತಿ.

ರಮಿತಾ ಮೊದಲು ನಂಬಲಿಲ್ಲ. ನಂಬಿದ ಮೇಲೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ತಾಯಿಯನ್ನೇ ನೋಡಿದಳು. "ನಿನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ನಾನಮ್ಮ. ಅವಳಲ್ಲ."

"ಹೌದು ಮಗಾ. ನಿನ್ಗೆ ಹೋಗ್ಲಿಕ್ಕೆ ಒಂದು ಮನೆ ಉಂಟು. ಅವಳಿಗೆ ಇದು ಬಿಟ್ರೆ ಇಲ್ಲ."

"ಏಳು ವರ್ಷ. ಏಳು ವರ್ಷ ಎಲ್ಲರ ಸೀಮಂತಕ್ಕೆ ಹೋಗಿ ಹಿಂದೆ ಕೂತು ಬಂದಿದ್ದೇನೆ. ನನ್ನ ಸರದಿ ಬರುವಾಗ ಅಮ್ಮ ನೀರು ಹಾಕ್ತಾಳೆ, ಅಮ್ಮ ಮದ್ದು ಮಾಡ್ತಾಳೆ ಅಂತ ನೆನೆಸಿಕೊಂಡು ಕಳೆದದ್ದು ಆ ಏಳು ವರ್ಷ. ನಾನೊಂದು ಮಾತು ಆಡಿದ್ದಕ್ಕೆ ಹೀಗಾ? ಹೆದರಿಕೆ ಆಗ್ತದೆ ಅಂತ ಅಮ್ಮನ ಹತ್ರ ಅಲ್ಲದೆ ಯಾರ ಹತ್ರ ಹೇಳ್ಬೇಕಿತ್ತು ನಾನು?"

ದಮಯಂತಿ ಸೀರೆಯ ಗಂಟು ಕಟ್ಟಿದಳು, ಡಬ್ಬಿಗಳಿಗೆ ಚೀಟಿ ಅಂಟಿಸಿದಳು, ಯಾವುದು ಬೆಳಗ್ಗೆ ಯಾವುದು ಸಂಜೆ ಎಂದು ಬರೆದಳು. ಭಾನುವಾರ ಕೌಶಲ್ ಬಂದು, ಮಾತಿಲ್ಲದೆ ಸಾಮಾನು ಡಿಕ್ಕಿಗೆ ತುಂಬಿದ. ರಮಿತಾ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದಳು. ದಮಯಂತಿ ಆಸರೆಗೆ ಕೈ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ದಮಯಂತಿ ಗೇಟಿನಲ್ಲಿ ನಿಂತಳು. ಒಳಗೆ ಬಂದಾಗ ಮಾನಸಿ ಮೆಟ್ಟಿಲ ತುದಿಯಲ್ಲಿ ನಿಂತಿದ್ದಳು.

"ಮೈನೇ ನಹೀ ಬೋಲಾ ಥಾ, ಅತ್ತೆ. ದೀದಿಯನ್ನು ಕಳಿಸಿ ಅಂತ ನಾನು ಹೇಳ್ಲಿಲ್ಲ."

"ಗೊತ್ತುಂಟು. ಹೋಗಿ ಮಲಗು."

ಮರುದಿನ ದಮಯಂತಿ ಅವಳನ್ನು ದೊಡ್ಡ ಕೋಣೆಗೆ ಮರಳಿಸಲು ಹೋದಳು. ಮಾನಸಿ ಒಪ್ಪಲಿಲ್ಲ. ಆ ಕೋಣೆ ಹಾಸಿಗೆ ಮಡಿಸಿಟ್ಟು ಹಾಗೇ ಉಳಿಯಿತು.

ಅದೇ ವಾರದಲ್ಲಿ ಒಂದು ಬೆಳಗ್ಗೆ, ಬೆನ್ನಿಗೆ ನೀರು ಹುಯ್ಯುತ್ತಿದ್ದ ದಮಯಂತಿಗೆ ಇನ್ನು ತಡೆದುಕೊಳ್ಳಲು ಆಗಲಿಲ್ಲ. ಚೆಂಬನ್ನು ಕೆಳಗಿಟ್ಟಳು.

"ಮಾನಸಿ, ಆವತ್ತು ನೀನು ಸ್ಟೂಲಿನ ಮೇಲೆ ಹತ್ತಿದ್ದನ್ನು ನಾನು ನೋಡಿದ್ದೇನೆ. ಕೈ ಮೇಲೆ ಎತ್ತಿದ್ದೂ ನೋಡಿದ್ದೇನೆ. ಇಳಿ ಅಂತ ಹೇಳ್ಬೇಕಿತ್ತು. ಹೇಳ್ಲಿಲ್ಲ."

ಮಾನಸಿ ಹಿಂದೆ ತಿರುಗಲಿಲ್ಲ. ಅವಳ ಬೆನ್ನಿನಿಂದ ನೀರು ಇಳಿದು ಹೋಯಿತು.

"ನೀವು ನೋಡಿದ್ದು ನಂಗೆ ಗೊತ್ತು. ನೀವು ತಿರುಗಿದ್ದನ್ನು ನಾನೂ ನೋಡಿದೆ."

"ಡಾಕ್ಟರು ಅದ್ರಿಂದ ಅಲ್ಲ ಅಂತ ಹೇಳಿದ್ದಾರೆ."

"ಮುಝೇ ಭೀ ಬೋಲಾ. ನಂಗೂ ಹೇಳಿದ್ರು." ಆಮೇಲೆ ಅವಳು ಮಣೆಯ ಮೇಲೆ ಸ್ವಲ್ಪ ಮುಂದಕ್ಕೆ ಸರಿದು, "ಪಾನೀ ಠಂಡಾ ಹೋ ರಹಾ ಹೈ, ಅತ್ತೆ," ಎಂದಳು.

ದಮಯಂತಿ ಚೆಂಬನ್ನೆತ್ತಿಕೊಂಡಳು. ಕ್ಷಮಿಸಿದೆ ಎಂದು ಮಾನಸಿ ಹೇಳಲಿಲ್ಲ, ಹೇಳಿಸಿಕೊಳ್ಳುವ ಧೈರ್ಯ ಇವಳಿಗೂ ಇರಲಿಲ್ಲ. ಆದರೆ ಮರುದಿನ ನೀರು ಕಾದ ಹೊತ್ತಿಗೆ, ಕರೆಯುವ ಮೊದಲೇ, ಮಾನಸಿ ಟವೆಲು ಹಿಡಿದು ಬಚ್ಚಲ ಬಾಗಿಲಿಗೆ ಬಂದಿದ್ದಳು.

ರಮಿತಾಳ ಮಗುವಿಗೆ ನಲವತ್ತು ಕಳೆದ ಮೇಲೆ ಹೆಸರಿಡುವ ಶಾಸ್ತ್ರ. ಸುದ್ದಿ ಬಂದದ್ದು ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ, ಎಲ್ಲರಿಗೂ ಬಂದ ಹಾಗೆ. ದಮಯಂತಿ ಲೀಲಾಧರನ ಜೊತೆ ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ ಹೋದಳು. ಬೆಳ್ಳಿಯ ಉಡಿದಾರ, ಬಟ್ಟೆ, ತಾನೇ ಹೊಲಿದ ಕೌದಿ ತೆಗೆದುಕೊಂಡು ಹೋಗಿದ್ದಳು. ರಮಾಮಣಿ ಮರ್ಯಾದೆಯಿಂದಲೇ ಬರಮಾಡಿಕೊಂಡು ಕುರ್ಚಿ ಹಾಕಿದಳು. ಆ ಮರ್ಯಾದೆಯೇ ದಮಯಂತಿಗೆ ಚುಚ್ಚಿತು. ಅವಳು ಒಳಗೆ ಹೋಗಿ ಅಡುಗೆಗೆ ಕೈ ಹಾಕುವವಳು, ಉಗ್ರಾಣ ನೋಡುವವಳು. ಅವತ್ತು ಯಾರೂ ಕರೆಯಲಿಲ್ಲ. ಮಗುವಿಗೆ ಯಶ್ವಂತ್ ಎಂದು ಹೆಸರಿಟ್ಟರು. ಕಿವಿಯಲ್ಲಿ ಹೆಸರು ಹೇಳುವ ಸರದಿ ಬಂದಾಗ ರಮಿತಾ ಮಗುವನ್ನು ತಾಯಿಯ ಮಡಿಲಿಗೆ ಇಟ್ಟಳು. ಮುಖ ಮಾತ್ರ ಎತ್ತಲಿಲ್ಲ.

ಹೊರಡುವಾಗ ದಮಯಂತಿ ಮಗಳ ಹತ್ತಿರ ಹೋಗಿ, "ಹೊಲಿಗೆ ನೋವು ಉಂಟಾ?" ಎಂದಳು.

"ನನ್ಗೆ ನೀರು ಹಾಕಿದ್ದು ಇಲ್ಲಿಯ ಕೆಲಸದವಳು, ಅಮ್ಮ," ಎಂದಳು ರಮಿತಾ. "ನೋವು ಉಂಟಾ ಅಂತ ಅವಳೂ ಕೇಳಿದ್ಳು."

ಮನೆಗೆ ಬಂದಾಗ ಸಂಜೆಯ ಆರು ಗಂಟೆ. ಮಾನಸಿ ಚಹಾ ಮಾಡಿಕೊಟ್ಟು ಎದುರಿಗೆ ನೆಲದ ಮೇಲೆ ಕೂತಳು.

"ಏನು ಹೆಸರಿಟ್ರು?"

ದಮಯಂತಿ ಹೇಳಿದಳು. ಮಾನಸಿ ಆ ಹೆಸರನ್ನು ಒಮ್ಮೆ ತಾನೂ ಹೇಳಿ ನೋಡಿದಳು. ಆಮೇಲೆ, "ಅತ್ತೆ, ಮೇರೀವಾಲೀ ಕೈಸೀ ಥೀ?" ಎಂದಳು. "ನನ್ನ ಮಗುವನ್ನು ನೀವು ನೋಡಿದ್ದೀರಿ. ವಿಶಾಲ್ ಹೇಳುದಿಲ್ಲ. ನಾನು ಕೇಳಿದ್ರೆ ಹೊರಗೆ ಹೋಗ್ತಾನೆ. ಯಾಕೆ ಯಾರೂ ನಂಗೆ ತೋರಿಸ್ಲಿಲ್ಲ?"

"ನಾನೇ ಬೇಡ ಅಂದದ್ದು."

ಮಾನಸಿಯ ಮುಖ ಬಿಗಿಯಿತು. ಎದ್ದು ಹೋಗುತ್ತಾಳೆ ಎಂದುಕೊಂಡಳು ದಮಯಂತಿ. ಅವಳು ಹೋಗಲಿಲ್ಲ. ಉತ್ತರಕ್ಕೆ ಕಾದಳು.

ದಮಯಂತಿ ಲೋಟವನ್ನು ಪಕ್ಕಕ್ಕಿಟ್ಟು ಹೇಳತೊಡಗಿದಳು. ತಲೆ ತುಂಬ ಕೂದಲಿತ್ತು, ಕಪ್ಪು, ಒದ್ದೆಯಾಗಿ ಹಣೆಗೆ ಅಂಟಿಕೊಂಡಿತ್ತು. ಬಣ್ಣ ನಿನ್ನದೇ. ಕಿವಿ ವಿಶಾಲನದ್ದು, ಮೇಲಿನ ಅಂಚು ಸ್ವಲ್ಪ ಮಡಿಸಿದ ಹಾಗೆ. ಉಗುರು ಬೆಳೆದಿತ್ತು, ಬೆರಳಿಗಿಂತ ಉದ್ದ. ತುಟಿ ಮುಚ್ಚಿಕೊಂಡಿತ್ತು. ಭಾರ ಇತ್ತು ಕೈಗೆ, ಸಣ್ಣ ಮಗು ಅಂತ ಅನಿಸಲಿಲ್ಲ. ಬಾಗಿಲವರೆಗೆ ನಾನೇ ಎತ್ತಿಕೊಂಡು ಹೋದೆ. ಬಟ್ಟೆ ಸರಿದು ಒಂದು ಕಾಲು ಹೊರಗೆ ಬಂತು, ಮತ್ತೆ ಒಳಗೆ ಹಾಕಿ ಸುತ್ತಿದೆ.

"ಕೌನ್‌ಸಾ ಪೈರ್?" ಎಂದು ಕೇಳಿದಳು ಮಾನಸಿ.

ದಮಯಂತಿ ಕಣ್ಣು ಮುಚ್ಚಿ ನೆನಪಿಸಿಕೊಂಡಳು. "ಎಡದ್ದು."

ಆಗ ಮಾನಸಿ ಅತ್ತಳು. ಆಸ್ಪತ್ರೆಯಲ್ಲಿ ಅಳದವಳು, ಖಾಲಿ ಕೋಣೆಯಲ್ಲಿ ಅಳದವಳು, ಈಗ ನೆಲಕ್ಕೆ ಹಣೆ ಹಚ್ಚಿ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಅತ್ತಳು. ಕೆಲಸದಿಂದ ಬಂದ ವಿಶಾಲ್ ಬಾಗಿಲಲ್ಲೇ ನಿಂತುಬಿ‌ಟ್ಟ. ಚಪ್ಪಲಿ ಕಳಚದೆ ಬಂದು ಅವಳ ಪಕ್ಕ ಕೂತ. ದಮಯಂತಿ ಎದ್ದು ಅಡುಗೆಮನೆಗೆ ಹೋದಳು.

ಮುಂದಿನ ಭಾನುವಾರ ಮಾನಸಿ ಮಗುವನ್ನು ಹೂತ ಜಾಗ ನೋಡಬೇಕು ಎಂದಳು. ಹೂವಿನ ಪೊಟ್ಟಣ ಹಿಡಿದು ವಿಶಾಲನೊಂದಿಗೆ ಹೊರಟ ಅವಳ ಜೊತೆಗೆ ಲೀಲಾಧರನೂ ಹೋದ. ಒಂದು ಬೇಲಿ, ಒಂದು ಗುಲ್‌ಮೊಹರ್ ಮರ, ಅದರ ಎಡಕ್ಕೆ ನಾಲ್ಕು ಹೆಜ್ಜೆ ಎಂದು ಅವನಿಗೆ ನೆನಪಿತ್ತು. ಮೂವರೂ ಹತ್ತಕ್ಕೆ ಹೋದವರು ಒಂದೂವರೆಗೆ ತಿರುಗಿ ಬಂದರು. ಕಾಲಿಗೆಲ್ಲ ಕೆಸರು.

"ಮಳೆಗೆ ಹುಲ್ಲು ಸೊಂಟದವರೆಗೆ ಬಂದಿದೆ," ಎಂದ ಲೀಲಾಧರ, ಹೆಂಡತಿಯ ಮುಖ ನೋಡದೆ. "ಹೊಸತಾಗಿ ಮೂರ್ನಾಲ್ಕು ಗುಡ್ಡೆ ಬೇರೆ ಆಗಿದೆ. ಮರದ ಎಡಕ್ಕೋ ಬಲಕ್ಕೋ ಅಂತ ನಮಗಿಬ್ಬರಿಗೂ ಗೊತ್ತಾಗ್ಲಿಲ್ಲ."

ವಿಶಾಲ್ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಕಾಲು ತೊಳೆದ.

ಮಾನಸಿಯ ಕೈಯಲ್ಲಿ ಈಗ ಹೂವಿನ ಪೊಟ್ಟಣ ಇರಲಿಲ್ಲ. ಎಲ್ಲಿಟ್ಟಳೆಂದು ದಮಯಂತಿ ಕೇಳಲಿಲ್ಲ. ತಟ್ಟೆ ಹಾಕಿ, ಅನ್ನ ಬಡಿಸಿ, ಮೇಲೆ ಬಿಸಿ ಸಾರು ಹುಯ್ದಳು. ಮಾನಸಿ ಕೂತು, ಅನ್ನ ಕಲಸಿ, ಒಂದು ತುತ್ತು ಬಾಯಿಗಿಟ್ಟುಕೊಂಡಳು.

"ಜಗಹ್ ನಹೀ ಮಿಲೀ, ಅತ್ತೆ," ಎಂದಳು.

"ಮಳೆ ಹೋಗ್ಲಿ," ಎಂದಳು ದಮಯಂತಿ. "ಹುಲ್ಲು ಒಣಗ್ತದೆ. ಆಗ ನಾನೂ ಬರ್ತೇನೆ."

ಮಾನಸಿ ತಟ್ಟೆಯನ್ನು ಖಾಲಿ ಮಾಡಿ ಎದ್ದಳು.